ಬೆಟಗೇರಿಯ ಬೈಂಡಿಂಗ್ ಕಾಕಾ ಮತ್ತು ನಮ್ಮ ಅವ್ವನ ಸತ್ಯವೇದ

ಅವ್ವನ ಸತ್ಯವೇದ, ಅಂದರೆ ಬೈಬಲ್, ಬಿಚ್ಚಿಹೋಗಿ ಎರಡು ವರ್ಷ ಆಗಿತ್ತು. ಕೀರ್ತನೆಗಳ ಹತ್ತಿರ ಬೆನ್ನು ಮುರಿದು ಎರಡು ಹೋಳಾಗಿತ್ತು. ಲೂಕನ ಸುವಾರ್ತೆಯ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತಿದ್ದವು. ಅಲ್ಲಲ್ಲಿ ನಾನೇ ಸೆಲ್ಲೋಟೇಪ್ ಹಚ್ಚಿದ್ದೆ. ಅದು ಹಳದಿಯಾಗಿ, ಅಕ್ಷರದ ಮೇಲೆ ಜಿಗಟು ಜಿಗಟಾಗಿ ಕೂತಿತ್ತು. ಹೊಸದು ತಂದುಕೊಡುತ್ತೇನೆ ಅಂದರೆ ಅವ್ವ ಒಪ್ಪಲಿಲ್ಲ. "ಇದರಾಗ ನಾ ಬರದದ್ದು ಐತಿ. ಹೊಸಾದ್ರಾಗ ಅದು ಎಲ್ಲಿಂದ ಬರತೈತಿ?" ಅಂದಳು.

ಮೊದಲು ಹುಬ್ಬಳ್ಳಿಯಲ್ಲೇ ಒಂದು ಅಂಗಡಿಯಲ್ಲಿ ಕೇಳಿದೆ. 250 ರೂಪಾಯಿ, ಒಂದು ತಾಸಿನ ಕೆಲಸ ಅಂದರು. ಬೆನ್ನು ಕತ್ತರಿಸಿ ಅಂಟು ಬಳಿಯುತ್ತಾರೆ. ಆಮೇಲೆ ಮೂರೂ ಕಡೆ ಮಷಿನ್‌ಗೆ ಕೊಟ್ಟು ಸಮ ಮಾಡುತ್ತಾರೆ. ಅವ್ವ ಪೆನ್ಸಿಲ್‌ನಲ್ಲಿ ಬರೆದಿರುವುದೆಲ್ಲ ಹಾಳೆಯ ಅಂಚಿನಲ್ಲೇ ಇದೆ. ಬೇಡ ಅಂತ ವಾಪಸ್ ಬಂದೆ. ನಮ್ಮ ಸಭೆಯ ಹಿರಿಯರೊಬ್ಬರು ಗದಗಿನ ಪಕ್ಕದ ಬೆಟಗೇರಿಯ ಈ ಅಂಗಡಿ ಹೇಳಿದರು.

ಅಂಗಡಿಗೆ ಬೋರ್ಡ್ ಇಲ್ಲ. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳುವ ಕಡೆ ಹೋಗಿ 'ಬೈಂಡಿಂಗ್ ಕಾಕಾ' ಅಂತ ಕೇಳಿದರೆ ಸಾಕು, ಮಕ್ಕಳೇ ತೋರಿಸುತ್ತಾರೆ. ಹತ್ತಡಿ ಅಗಲದ ಕೋಣೆ. ಒಂದು ಕಡೆ ರಟ್ಟಿನ ರಾಶಿ, ಇನ್ನೊಂದು ಕಡೆ ಪುಸ್ತಕ ಬಿಗಿಯುವ ಕಬ್ಬಿಣದ ಪ್ರೆಸ್ಸು. ಗೋಡೆಗೆ ಒಂದು ಹಲಗೆ ಹೊಡೆದಿದ್ದಾರೆ. ಅದರ ಮೇಲೆ ಕುರ್‌ಆನ್, ವಚನಗಳ ಪುಸ್ತಕ, ಯಾರದೋ ಮನೆಯ ಹಳೆಯ ಪುರಾಣ. "ಯಾರ ದೇವರ ಪುಸ್ತಕ ಆದ್ರೂ ನಾ ನೆಲದ ಮ್ಯಾಲ ಇಡಂಗಿಲ್ಲವಾ" ಅಂದರು ಕಾಕಾ. ಅವ್ವನ ಸತ್ಯವೇದಕ್ಕೂ ಅಲ್ಲೇ ಜಾಗ ಸಿಕ್ಕಿತು.

ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಇದನ್ನು ಈಗ ಮಾಡುವವರು ಕಡಿಮೆ. ಬರೀ ಅಂಟಿನ ಬೈಂಡಿಂಗ್‌ನಲ್ಲಿ ಹಾಳೆಗಳು ಅಂಟನ್ನೇ ನಂಬಿಕೊಂಡು ನಿಂತಿರುತ್ತವೆ. ಅಂಟು ಒಣಗಿ ಬಿರುಕು ಬಿಟ್ಟರೆ ಮುಗಿಯಿತು. ಕಾಕಾ ಹಾಗೆ ಮಾಡುವುದಿಲ್ಲ. ಪುಸ್ತಕವನ್ನು ಪೂರ್ತಿ ಬಿಚ್ಚಿ, ಮಡಿಕೆ ಮಡಿಕೆಯಾಗಿ ಬೇರೆ ಮಾಡಿ, ಹರಿದ ಮಡಿಕೆಗೆ ತೆಳುವಾದ ಕಾಗದದ ಪಟ್ಟಿ ಹಚ್ಚುತ್ತಾರೆ. ಆಮೇಲೆ ದಾರದಿಂದ ಒಂದಕ್ಕೊಂದು ಹೊಲಿಯುತ್ತಾರೆ. ಸತ್ಯವೇದದ ಕಾಗದ ಬಹಳ ತೆಳು. ಸೂಜಿ ಸ್ವಲ್ಪ ಎಳೆದರೂ ಹರಿಯುತ್ತದೆ. ಮೈದಾ ಹಿಟ್ಟಿನ ಸರಿ ಅವರೇ ಕುದಿಸಿ, ಹುಳ ಬೀಳದ ಹಾಗೆ ಚೂರು ಮೈಲುತುತ್ತ ಹಾಕುತ್ತಾರೆ. ಅಂಚು ಕತ್ತರಿಸುವ ಮೊದಲು ನನ್ನನ್ನು ಕರೆದು ತೋರಿಸಿದರು. "ಇಲ್ಲಿ ಅಕ್ಷರ ಅದಾವು ಯವ್ವಾ. ಕತ್ತರಿಸಿದ್ರ ಚಂದ ಕಾಣತೈತಿ, ಆದ್ರ ಇವು ಹೊಕ್ಕಾವು. ಏನ್ ಮಾಡ್ಲಿ?" ಕತ್ತರಿಸಬೇಡಿ ಅಂದೆ. ಹಾಗಾಗಿ ಅಂಚು ಇವತ್ತಿಗೂ ಏರುಪೇರಾಗಿಯೇ ಇದೆ.

ಬೆರಳಿಟ್ಟು ತೋರಿಸಿದ ಆ ಹಾಳೆ ಲೂಕ 19, ಜಕ್ಕಾಯನ ಕಥೆ. ಸುಂಕ ವಸೂಲಿಯಲ್ಲಿ ಮೋಸದಿಂದ ತಗೊಂಡಿದ್ದರೆ ನಾಲ್ಕು ಪಟ್ಟು ವಾಪಸ್ ಕೊಡುತ್ತೇನೆ ಅಂತಾನಲ್ಲ, ಅದು. ಪಕ್ಕದಲ್ಲಿ ಅವ್ವ ಬರೆದಿದ್ದಾಳೆ: 'ಕಿರಾಣಿ ಅಂಗಡಿ, 40 ರೂ. ಜಾಸ್ತಿ ಬಂದಿತ್ತು, ವಾಪಸ್ ಕೊಟ್ಟೆ, 1987.' ಅಪ್ಪ ತೀರಿಕೊಂಡ ವರ್ಷ ಅದು. ಅವ್ವ ಹೊಲಿಗೆ ಮಷಿನ್ ತುಳಿದು ದಿನಕ್ಕೆ ಹತ್ತು ರೂಪಾಯಿ ದುಡಿಯುತ್ತಿದ್ದಳು. ನಾಲ್ಕು ದಿನದ ದುಡಿಮೆ ಅದು. ಈ ಮಾತು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಎರಡನೇ ಸಲ ಹೋದಾಗ ನಡೆದದ್ದನ್ನು ಹೇಳದೆ ಈ ಅಂಗಡಿಯ ಬಗ್ಗೆ ಬರೆಯಲಾರೆ. ನಾನು ಸ್ಟೂಲಿನ ಮೇಲೆ ಕೂತಿದ್ದೆ. ಒಬ್ಬ ಹುಡುಗ ಬೈಕಿನಲ್ಲಿ ಬಂದ. ಹತ್ತು ಲೆಡ್ಜರ್ ಬೈಂಡಿಂಗ್‌ಗೆ ತಂದಿದ್ದ. ಜೊತೆಗೆ, ಹೋದ ವರ್ಷದ ನಂಬರ್ ಹಾಕಿ ಎರಡು ಬಿಲ್ ಬುಕ್ ಮಾಡಿಕೊಡಿ ಅಂದ. ಮೊದಲಿನ ನಂಬರ್‌ಗಳೇ ಇನ್ನೊಮ್ಮೆ ಬರಬೇಕು, ಅಂದರೆ ಹಳೆಯ ಲೆಕ್ಕಕ್ಕೆ ಸುಳ್ಳು ಬಿಲ್ ಬರೆಯಲಿಕ್ಕೆ. ಕಾಕಾ ಕೈಯಲ್ಲಿದ್ದ ಸೂಜಿ ನಿಲ್ಲಿಸಿ, "ಲೆಡ್ಜರ್ ಮಾಡಿಕೊಡ್ತೀನಿ. ಬಿಲ್ ಬುಕ್ ಆಗಂಗಿಲ್ಲೋ ತಮ್ಮಾ" ಅಂದರು. ಹುಡುಗ ಎರಡು ಸಲ ಕೇಳಿದ. ದುಡ್ಡು ಡಬಲ್ ಅಂದ. ಆಮೇಲೆ ಲೆಡ್ಜರ್‌ಗಳನ್ನೂ ಎತ್ತಿಕೊಂಡು ಹೊರಟುಹೋದ.

ಕಾಕಾ ಏನೂ ಮಾತಾಡಲಿಲ್ಲ. ಸೂಜಿಗೆ ದಾರ ಪೋಣಿಸಲು ಹೋದರು, ಮೂರು ಸಲ ತಪ್ಪಿತು. ನಾಲ್ಕನೇ ಸಲಕ್ಕೆ ನಾನು ಪೋಣಿಸಿಕೊಟ್ಟೆ. ಒಳಗಿನಿಂದ ಅವರ ಹೆಂಡತಿ, ಕಾಕು, "ಸಿಲಿಂಡರ್‌ನವ ನಾಳೆ ಬರ್ತಾನಂತ್ರಿ" ಅಂತ ಕೂಗಿದರು. ಅದಕ್ಕೂ ಉತ್ತರ ಕೊಡಲಿಲ್ಲ. ಆಗ ನನ್ನ ಕಥೆ ಅವರಿಗೆ ಹೇಳಿದೆ.

ನಾನು ಹದಿನಾಲ್ಕು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿದವಳು. ಕೊನೆಗೆ ಇದ್ದ ಕಡೆ, ಮಾಲು ಬರದೇ ಬರೀ ಬಿಲ್ ಬಂದಿದ್ದನ್ನು ಕಂಪ್ಯೂಟರಿನ ಲೆಕ್ಕದ ಪುಸ್ತಕ ಟ್ಯಾಲಿಯಲ್ಲಿ ಖರೀದಿ ಅಂತ ಹತ್ತಿಸಲು ಹೇಳಿದರು. ಮಾಲು ಕೈಸೇರದೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಳ್ಳುವಂತಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಆದರೆ ನನ್ನ ಕೈ ತಡೆದದ್ದು ಕಾಯ್ದೆ ಅಲ್ಲ. ಭಾನುವಾರ ಚರ್ಚಿನಲ್ಲಿ ಪ್ರಭು ಭೋಜನದ ರೊಟ್ಟಿಗೆ ಚಾಚುವ ಕೈ ಇದೇ ಅಲ್ವಾ ಅನ್ನಿಸಿತು. ಆಗಲ್ಲ ಅಂದೆ. ಮುಂದಿನ ತಿಂಗಳಿಂದ ಬರಬೇಡಿ ಅಂದರು. 18,000 ಸಂಬಳ ಹೋಯಿತು. ಈಗ ಮೂರು ಸಣ್ಣ ಅಂಗಡಿಗಳ ಲೆಕ್ಕ ಬರೆದು 12,000 ಬರುತ್ತದೆ. ಚರ್ಚಿನಲ್ಲಿ ಸಾಕ್ಷಿ ಹೇಳುವವರು, ಬಿಟ್ಟದ್ದಕ್ಕೆ ದೇವರು ಎರಡರಷ್ಟು ಕೊಟ್ಟ ಅಂತಾರೆ. ನನಗೆ ಹಾಗೆ ಆಗಿಲ್ಲ. ಮಗಳ ಟ್ಯೂಷನ್ ಬಿಡಿಸಿದೆ. ಅದು ಈಗಲೂ ನೋಯುತ್ತದೆ.

ಕಾಕಾ ಕೇಳಿಸಿಕೊಂಡು, ಲೂಕ 14ರ ಮಡಿಕೆ ಎತ್ತಿ ತೋರಿಸಿದರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಯೇಸು ಹೇಳುವ ಜಾಗ. "ಒಮ್ಮೆ ಲೆಕ್ಕ ಹಾಕಿ ಮುಗೀತು ಅಂತ ನಾನೂ ತಿಳದಿದ್ದೆ. ಗಿರಾಕಿ ಬಂದಾಗೆಲ್ಲ ಹಾಕಬೇಕಾಗತೈತಿ ನೋಡವಾ" ಅಂದರು. ಆಮೇಲೆ ಕಾಕು ಚಹಾ ತಂದರು. ಮೂವರೂ ಕುಡಿದೆವು. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವರಲ್ಲಿ ಒಬ್ಬರೂ ನನಗೆ ಆಮೇಲೆ ಫೋನ್ ಮಾಡಿಲ್ಲ. ಈ ಮನೆಯಲ್ಲಿ ಎರಡನೇ ಭೇಟಿಗೇ ಕಾಕು ನನ್ನ ಬುತ್ತಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ತನಗೋಸ್ಕರ ಮನೆಮಂದಿಯನ್ನು ಬಿಟ್ಟವರಿಗೆ ಅಣ್ಣ ತಮ್ಮ, ಅಕ್ಕ ತಂಗಿ, ತಾಯಿ ಸಿಗುತ್ತಾರೆ ಅಂತ ಮಾರ್ಕನ ಸುವಾರ್ತೆಯಲ್ಲಿ ಯೇಸು ಹೇಳುತ್ತಾನೆ. ನನಗೆ ಸಿಕ್ಕಿದ್ದು ಅದು. ರೈಲಿನಲ್ಲಿ ಆ ರೊಟ್ಟಿ ತಿನ್ನುತ್ತಾ ಅತ್ತೆ. ದುಃಖಕ್ಕಲ್ಲ.

ಬೆಟಗೇರಿಗೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಬಂದದ್ದು 1841ರಲ್ಲಿ. ಧಾರವಾಡ, ಹುಬ್ಬಳ್ಳಿಯ ನಂತರ. ಆಗ ಯೇಸುವನ್ನು ಹಿಂಬಾಲಿಸಲು ಹೊರಟವರಿಗೆ ಹಿರಿಯರ ಆಸ್ತಿಯೂ ಕೈತಪ್ಪಬಹುದಿತ್ತು. ಮತ ಬದಲಾಯಿಸಿದರೂ ಹಕ್ಕು ಹೋಗಬಾರದು ಅಂತ ಕಾಯ್ದೆ ಬಂದದ್ದು 1850ರಲ್ಲಿ. ಕಾಕಾ ಅವರ ಹಿರಿಯರೂ ಮಗ್ಗ, ಮನೆ ಬಿಟ್ಟು ಬಂದವರಂತೆ. ನಮ್ಮ ಕಾಲಕ್ಕೆ ಅಷ್ಟು ದೊಡ್ಡ ಬೆಲೆ ಯಾರೂ ಕೇಳುತ್ತಿಲ್ಲ. ಎರಡು ಬಿಲ್ ಬುಕ್, ಹತ್ತು ಲೆಡ್ಜರ್, ಹೀಗೆ ಚಿಲ್ಲರೆಯಲ್ಲಿ ಕೇಳುತ್ತಾರೆ.

ತಪ್ಪನ್ನೂ ಹೇಳಬೇಕು. ಹತ್ತು ದಿನ ಅಂದವರು ಇಪ್ಪತ್ತನಾಲ್ಕು ದಿನ ಮಾಡಿದರು. ಫೋನ್ ಎತ್ತುವುದಿಲ್ಲ. ಹುಬ್ಬಳ್ಳಿಯಿಂದ ಒಂದು ಸಲ ಸುಮ್ನೆ ಹೋಗಿ ಬರಿಗೈಯಲ್ಲಿ ಬಂದೆ, ಸಿಟ್ಟೂ ಬಂತು. ನನ್ನ ಸೆಲ್ಲೋಟೇಪ್ ಬಿಡಿಸಲು ಜಾಸ್ತಿ ದಿನ ಹಿಡಿಯಿತು ಅಂತ ಆಮೇಲೆ ಗೊತ್ತಾಯಿತು. ಆದರೂ ಮೊದಲೇ ತಿಳಿಸಬೇಕಿತ್ತು. ಹೊದಿಕೆಯ ಬಟ್ಟೆಗೆ ಬಣ್ಣದ ಆಯ್ಕೆಯೂ ಇಲ್ಲ. ಕಪ್ಪು ಇಲ್ಲವೇ ಕಂದು.

ಒಟ್ಟು 420 ರೂಪಾಯಿ ಆಯಿತು. ರೆಕ್ಸಿನ್ ಹಾಕಿ ಅಂದಿದ್ದೆ, 600 ಆಗುತ್ತಿತ್ತು. ಕೈ ಬೆವರಿಗೆ ರೆಕ್ಸಿನ್ ಸಿಪ್ಪೆ ಏಳುತ್ತದೆ, ಬಟ್ಟೆಯೇ ಬಾಳಿಕೆ ಬರುತ್ತದೆ ಅಂತ ಅವರೇ ಕಡಿಮೆಯದು ಹಾಕಿದರು. ಪುಸ್ತಕದಲ್ಲಿದ್ದ ಒಣಗಿದ ಗರಿಯ ಶಿಲುಬೆ, ಅಪ್ಪನ ಒಂದು ಫೋಟೋ, ಹಳೆಯ ಹತ್ತು ರೂಪಾಯಿ ನೋಟು, ಎಲ್ಲವೂ ಆಯಾ ಪುಟದಲ್ಲೇ ಇದ್ದವು. ಬಿಚ್ಚುವಾಗ ಪುಟದ ನಂಬರ್ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರಂತೆ.

ಅವ್ವನಿಗೆ ಈಗ 78. ಮೊದಲು ಒಂದು ಕೈ ಪುಸ್ತಕ ಹಿಡಿಯುವುದಕ್ಕೇ ಬೇಕಾಗುತ್ತಿತ್ತು. ಈಗ ತೊಡೆಯ ಮೇಲೆ ಇಟ್ಟರೆ ಯಾವ ಪುಟ ತೆಗೆದರೂ ಚಪ್ಪಟೆಯಾಗಿ ಬಿಚ್ಚಿಕೊಂಡು ನಿಲ್ಲುತ್ತದೆ. ಒಂದು ಕೈಯಲ್ಲಿ ಭೂತಗನ್ನಡಿ ಹಿಡಿದು, ಇನ್ನೊಂದು ಕೈಯ ಬೆರಳು ಸಾಲಿನ ಕೆಳಗೆ ಓಡಿಸುತ್ತಾ ಓದುತ್ತಾಳೆ.

ಹೋಗುವವರು ಶನಿವಾರ ಮಧ್ಯಾಹ್ನದೊಳಗೆ ಹೋಗಿ. ಜೂನ್‌ನಲ್ಲಿ ಶಾಲೆ ಪುಸ್ತಕಗಳ ರಾಶಿ ಇರುತ್ತದೆ, ಆಗಲೂ ಭಾನುವಾರ ಬಾಗಿಲು ಹಾಕಿರುತ್ತಾರೆ. ಅವಸರದ ಕೆಲಸ ಇದ್ದರೆ ಬೇರೆ ಕಡೆ ಕೊಡಿ. ಲೆಡ್ಜರ್, ರಿಜಿಸ್ಟರ್ ಕೆಲಸ ಇರುವವರು ದಯವಿಟ್ಟು ಇವರಿಗೆ ಕೊಡಿ. ಆ ಹತ್ತು ಲೆಡ್ಜರ್‌ಗಳ ಜಾಗ ಇನ್ನೂ ಖಾಲಿ ಇದೆ.