ಬೇಸಿಗೆಯಲ್ಲಿ ಆಕ್ಸೊಲೋಟ್ಲ್ ಸಾಗಿಸುವ ಮುಂಚೆ ಇದನ್ನು ಓದಿ

ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಮೈಸೂರಿಗೆ ಮನೆ ಬದಲಾಯಿಸಿದೆವು. ಆ ಒಂದು ದಿನದಲ್ಲಿ ನನ್ನ ಎರಡು ಆಕ್ಸೊಲೋಟ್ಲ್‌ಗಳಲ್ಲಿ ಒಂದು ಹೋಯಿತು. ತಪ್ಪು ಪೂರ್ತಿ ನನ್ನದೇ. ನಿಮಗೆ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಇವು ಮೀನಲ್ಲ, ಸಲಮಾಂಡರ್, ಅಂದರೆ ಕಪ್ಪೆಯ ಹಾಗೆ ಉಭಯಚರ, ಆದರೆ ಬಾಲ ಇರುತ್ತದೆ. ಮೂಲ ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕೆರೆ. 16ರಿಂದ 18 ಡಿಗ್ರಿ ನೀರಿದ್ದರೆ ಹಾಯಾಗಿರುತ್ತವೆ, 24 ದಾಟಿದರೆ ಒದ್ದಾಡುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ, ಆದರೆ ಅವುಗಳಿಗೆ ಬೇಕಾಗುವುದು ಜಾಸ್ತಿ.

ಹೊರಡುವ ಹಿಂದಿನ ರಾತ್ರಿಯೇ ಎಡವಿದೆ. ದೂರ ಹೊರಟವರನ್ನು ಖಾಲಿ ಹೊಟ್ಟೆಯಲ್ಲಿ ಕಳಿಸುವ ಮನೆಯಲ್ಲ ನಮ್ಮದು. ನನ್ನ ಆಕ್ಸೊಲೋಟ್ಲ್ ಜೋಡಿ ಕರಿಯನಿಗೂ ಮಲ್ಲಿಗೂ ಹೊಟ್ಟೆ ತುಂಬ ಎರೆಹುಳ ತಿನ್ನಿಸಿದೆ. ಸುಳ್ಯ ತಲುಪುವಷ್ಟರಲ್ಲಿ ಡಬ್ಬದ ನೀರು ಗಲೀಜಾಗಿ ಮಬ್ಬಾಗಿತ್ತು. ಆ ಗಲೀಜಿನಿಂದಲೇ ಅಮೋನಿಯಾ ಏರಿ ಕಿವಿರು ಸುಡುತ್ತದೆ. ದೊಡ್ಡ ಆಕ್ಸೊಲೋಟ್ಲ್ ಎರಡು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಹೊರಡುವ ಮುಂಚೆ ಊಟ ನಿಲ್ಲಿಸಲೇಬೇಕು.

ಮಡಿಕೇರಿಯಲ್ಲಿ ಕಾಫಿಗೆ ನಿಂತೆವು. ತಂಪು ಗಾಳಿ, ಮೋಡ. ಡಬ್ಬ ತಣ್ಣಗಿರಲಿ ಅಂತ ಇಟ್ಟಿದ್ದ ಐಸ್ ಬಾಟಲಿ ಕರಗಿತ್ತು. ಇಷ್ಟು ಚಳಿ ಇದೆಯಲ್ಲಾ, ಇನ್ನೇನು ಬೇಡ ಅಂತ ತೆಗೆದು ಪಕ್ಕಕ್ಕಿಟ್ಟೆ. ಕುಶಾಲನಗರ ದಾಟಿದ ಮೇಲೆ ಬಿಸಿಲು ಏರಿತು. ಹುಣಸೂರಿನಲ್ಲಿ ಕಾರು ಬಿಸಿಲಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಊಟಕ್ಕೆ ಕೂತೆವು. ಆ ಮುಕ್ಕಾಲು ಗಂಟೆ ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ಕುವೆಂಪುನಗರದ ಮನೆ ತಲುಪಿ ಮುಚ್ಚಳ ತೆಗೆದಾಗ ಥರ್ಮಾಮೀಟರ್ 28 ತೋರಿಸುತ್ತಿತ್ತು. ಕರಿಯನ ಕಿವಿರು ಬಿಳಚಿಕೊಂಡು ಮುಂದಕ್ಕೆ ಬಾಗಿತ್ತು, ಬಾಲದ ತುದಿ ಕೊಕ್ಕೆಯ ಹಾಗೆ ಸುರುಳಿ ಸುತ್ತಿತ್ತು. ಮಲ್ಲಿಯ ಮುಂಗಾಲು ಅರ್ಧ ಇರಲಿಲ್ಲ. ಇಕ್ಕಟ್ಟಿನಲ್ಲಿ ಕರಿಯನೇ ಕಚ್ಚಿದ್ದ. ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿದ್ದು ನಾನು.

ಗಾಬರಿಯಲ್ಲಿ ಬಕೆಟ್‌ಗೆ ನಲ್ಲಿ ನೀರು ಹಿಡಿದು, ಪಕ್ಕದ ಮನೆ ಆಂಟಿ ಕೊಟ್ಟ ಐಸ್ ಸುರಿದು, ಅದರೊಳಗೆ ಬಿಟ್ಟೆ. ಕಾವೇರಿ ನೀರು, ಒಳ್ಳೆಯದೇ ಅಲ್ವಾ ಅಂದುಕೊಂಡೆ. ನಲ್ಲಿಯಲ್ಲಿ ಬರುವುದು ಕ್ಲೋರಿನ್ ಹಾಕಿದ ನೀರು. ಇವುಗಳ ಚರ್ಮ ನೀರಿನಲ್ಲಿರುವುದನ್ನೆಲ್ಲ ಹೀರುತ್ತದೆ. ಜೊತೆಗೆ 28ರಿಂದ ಒಮ್ಮೆಲೇ ತಣ್ಣೀರಿಗೆ ಬಿದ್ದ ಆಘಾತ ಬೇರೆ. ರಾತ್ರಿ ಹತ್ತಕ್ಕೆ ಕರಿಯ ಹೋದ.

ಸಾಗಿಸಲೇಬೇಕಾದರೆ ದಯವಿಟ್ಟು ಮಾರ್ಚ್‌ನಿಂದ ಮೇ ತನಕ ಬೇಡ. ಉಳಿದ ತಿಂಗಳಲ್ಲೂ ರಾತ್ರಿ ಹೊರಡಿ. ಒಂದೊಂದಕ್ಕೂ ಬೇರೆ ಪ್ಲಾಸ್ಟಿಕ್ ಕವರ್ ಇರಲಿ, ಎರಡು ಪದರ ಹಾಕಿ. ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಒಳಗೆ ಕಲ್ಲು, ಗಿಡ ಏನೂ ಬೇಡ. ಕವರನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಇವುಗಳಿಗೆ ಕಣ್ಣುರೆಪ್ಪೆ ಇಲ್ಲ, ಕತ್ತಲೆಯಲ್ಲೇ ಸಮಾಧಾನ. ಐಸ್ ಬಾಟಲಿಯನ್ನು ಪೇಪರ್‌ನಲ್ಲಿ ಸುತ್ತಿ ಕವರಿನ ಹೊರಗಿಡಿ, ನೀರಿಗೆ ಹಾಕಬೇಡಿ. ಅದು ಕರಗಿದರೆ ಬದಲಾಯಿಸಲು ಇನ್ನೆರಡು ಐಸ್ ಬಾಟಲಿ ಇಟ್ಟುಕೊಳ್ಳಿ. ಊಟಕ್ಕೆ ನಿಂತರೆ ಒಬ್ಬರು ಎಸಿ ಹಾಕಿಕೊಂಡು ಕಾರಿನಲ್ಲೇ ಇರಲಿ. ಹೊರಗಿನ ಹವೆ ನಂಬಬೇಡಿ, ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ನೋಡಿ. ಇವು ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿ, ಹಾಗಾಗಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ ನೋಂದಣಿ ಕಾಗದವೂ ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯ, ತಲುಪುವ ಕಡೆ ಆಂಟಿ ಕ್ಲೋರಿನ್ (ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿದ ನೀರು ಮೊದಲೇ ತಯಾರಿರಬೇಕು. ಕವರನ್ನು ಅರ್ಧ ಗಂಟೆ ಅದರಲ್ಲಿ ತೇಲಿಸಿ, ಹೊಸ ನೀರನ್ನು ಲೋಟ ಲೋಟವಾಗಿ ಸೇರಿಸಿ, ಆಮೇಲೆ ಬಿಡಿ.

ಮಲ್ಲಿ ಹನ್ನೊಂದು ದಿನ ಏನೂ ಮುಟ್ಟಲಿಲ್ಲ. ಹನ್ನೆರಡನೇ ದಿನ ಒಂದು ಎರೆಹುಳ ನುಂಗಿದಳು. ಕಾಲು ಮತ್ತೆ ಬೆಳೆದಿದೆ, ಪುಟ್ಟ ಬೆರಳುಗಳ ಸಮೇತ.