ಡಾರ್ಕ್‌ಟೇಬಲ್: ವರ್ಷಗಟ್ಟಲೆ ಯಕ್ಷಗಾನದ ಫೋಟೊ ತಿದ್ದಿದವನ ಅಭಿಪ್ರಾಯ

ಮದುವೆ ಫೋಟೊ ತೆಗೆದು ಹದಿನೈದು ದಿನದಲ್ಲಿ ಆಲ್ಬಮ್ ಕೊಡಬೇಕಾದವರಿಗೆ ಡಾರ್ಕ್‌ಟೇಬಲ್ ಬೇಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದೇ ಫೋಟೊ ಮುಂದೆ ಅರ್ಧ ಗಂಟೆ ಕೂತು, ಈ ಕೆಂಪು ಎಷ್ಟು ಕೆಂಪಾಗಿರಬೇಕು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಮಾತ್ರ ಇದರಷ್ಟು ಒಳ್ಳೆಯ ತಂತ್ರಾಂಶವನ್ನು ನಾನು ಬೇರೆ ನೋಡಿಲ್ಲ. ನಾನು ಎರಡನೇ ಗುಂಪಿನವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಕರಾವಳಿಯ ಬಯಲಾಟಗಳಿಗೆ ಕ್ಯಾಮೆರಾ ಹಿಡಿದು ಹೋಗುವುದು ಹವ್ಯಾಸ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದು ರಾ ಫೈಲುಗಳನ್ನು, ಅಂದರೆ ಕ್ಯಾಮೆರಾ ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೆಯೇ ಇಟ್ಟುಕೊಂಡ ಫೈಲುಗಳನ್ನು, ತಿದ್ದುವ ತಂತ್ರಾಂಶ. 2009ರಲ್ಲಿ ಯೋಹಾನೆಸ್ ಹನಿಕಾ ಎನ್ನುವವರು ಶುರು ಮಾಡಿದರು. ಆಮೇಲೆ ಬೇರೆ ಬೇರೆ ದೇಶಗಳ ಪ್ರೋಗ್ರಾಮರ್‌ಗಳು ಸೇರಿಕೊಂಡು ಬೆಳೆಸಿದರು. ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಕೂಡ ಇಲ್ಲ. ಹುಟ್ಟಿದ್ದು ಲಿನಕ್ಸ್‌ನಲ್ಲಿ. ವಿಂಡೋಸ್‌ಗೆ ಬಂದಿದ್ದು 2017ರ ಡಿಸೆಂಬರ್‌ನಲ್ಲಿ, 2.4ನೇ ಆವೃತ್ತಿಯ ಜೊತೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಡೋಬಿ ಕಂಪನಿ, ತನ್ನ ಫೋಟೊ ತಿದ್ದುವ ತಂತ್ರಾಂಶ ಲೈಟ್‌ರೂಮ್ 6ರ ನಂತರ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿ ಬರುವುದಿಲ್ಲ, ಇನ್ನು ಚಂದಾ ಮಾತ್ರ ಎಂದು ಹೇಳಿತ್ತು. ನನ್ನಂಥ ಹವ್ಯಾಸಿಗಳು ಬೇರೆ ದಾರಿ ಹುಡುಕತೊಡಗಿದ್ದರಲ್ಲಿ ಆಶ್ಚರ್ಯವೇನಿಲ್ಲ, ಅಲ್ವಾ?

ಮೊದಲ ಸಲ ತೆರೆದವರೆಲ್ಲ ಹೇಳುವ ದೂರು ಒಂದೇ. ಕ್ಯಾಮೆರಾದ ಪರದೆಯಲ್ಲಿ ಮಿಂಚುತ್ತಿದ್ದ ಫೋಟೊ ಇಲ್ಲಿ ಸಪ್ಪೆಯಾಗಿ ಕಾಣುತ್ತದೆ. ತಂತ್ರಾಂಶ ಹಾಳಾಗಿದೆ ಎಂದುಕೊಂಡು ಅಲ್ಲೇ ತೆಗೆದುಹಾಕಿದವರು ನನಗೆ ಗೊತ್ತು. ಅಸಲಿಗೆ ಕ್ಯಾಮೆರಾದ ಪರದೆ ತೋರಿಸುವುದು ರಾ ಫೈಲನ್ನಲ್ಲ, ಅದರ ಒಳಗೇ ತಯಾರಾದ ಜೆಪೆಗ್ ಅನ್ನು. ಆ ಜೆಪೆಗ್‌ಗೆ ಕಾಂಟ್ರಾಸ್ಟ್ ಎಷ್ಟು, ಬಣ್ಣ ಎಷ್ಟು ಗಾಢ, ಅಂಚು ಎಷ್ಟು ಚೂಪು ಎಂಬುದನ್ನೆಲ್ಲ ಕ್ಯಾಮೆರಾ ಮಾಡಿದ ಎಂಜಿನಿಯರ್‌ಗಳು ಮೊದಲೇ ನಿರ್ಧರಿಸಿರುತ್ತಾರೆ. ಅಂದರೆ 'ನಾನು ಎಡಿಟಿಂಗ್ ಮಾಡುವುದಿಲ್ಲ' ಎನ್ನುವವರ ಫೋಟೊವನ್ನೂ ಯಾರೋ ಒಬ್ಬರು ಎಡಿಟ್ ಮಾಡಿಯೇ ಇರುತ್ತಾರೆ. ಡಾರ್ಕ್‌ಟೇಬಲ್ ಆ ತೀರ್ಮಾನಗಳನ್ನು ಪಕ್ಕಕ್ಕಿಟ್ಟು ಕೆಲಸವನ್ನು ನಿಮ್ಮ ಕೈಗೆ ಕೊಡುತ್ತದೆ. ನಿಮ್ಮ ಪರವಾಗಿ ಏನನ್ನೂ ನಿರ್ಧರಿಸುವುದಿಲ್ಲ. ಇದರ ದೊಡ್ಡ ಗುಣವೂ ಅದೇ, ಕಾಟವೂ ಅದೇ. 2024ರ ಡಿಸೆಂಬರ್‌ನಲ್ಲಿ ಬಂದ 5.0ರಲ್ಲಿ ಐನೂರಕ್ಕೂ ಹೆಚ್ಚು ಕ್ಯಾಮೆರಾಗಳಿಗೆ ಸಿದ್ಧ ಸ್ಟೈಲ್‌ಗಳನ್ನು ಸೇರಿಸಿದ್ದಾರೆ. ಒಂದು ಕ್ಲಿಕ್ಕಿಗೆ ಫೋಟೊ ಕ್ಯಾಮೆರಾದ ಜೆಪೆಗ್‌ಗೆ ಹತ್ತಿರ ಬರುತ್ತದೆ. ಹೊಸಬರು ಅಲ್ಲಿಂದ ಶುರು ಮಾಡುವುದು ವಾಸಿ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಯಕ್ಷಗಾನದ ರಂಗಸ್ಥಳ ಫೋಟೊ ತೆಗೆಯುವವರಿಗೆ ಒಂದು ಶಿಕ್ಷೆ. ಕೆಂಪು ದಗಲೆ, ಫಳಫಳ ಹೊಳೆಯುವ ಆಭರಣ, ಹಿಂದೆ ಕತ್ತಲು. ಮೇಲಿಂದ ಎಲ್ಇಡಿ ಲೈಟು ಒಂದು ನಿಮಿಷ ನೀಲಿ, ಮರುನಿಮಿಷ ನೇರಳೆ. ಮುಂದಿನಿಂದ ಹಳದಿ ಫ್ಲಡ್‌ಲೈಟು. ಕುಣಿತ ನಿಲ್ಲುವುದಿಲ್ಲವಾದ್ದರಿಂದ ಶಟರ್ ವೇಗ ಇಳಿಸುವಂತಿಲ್ಲ. ಹಾಗಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ಎನ್ನುವುದು ನನ್ನ ಮಟ್ಟಿಗೆ ಮಾಮೂಲು.

ಇಲ್ಲಿ ಮೊದಲು ಕೈಕೊಡುವುದು ಕೆಂಪು. ಕ್ಯಾಮೆರಾದ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಲ್ಲ ಸರಿ ಇದೆ ಎನ್ನುತ್ತಿರುತ್ತದೆ, ಆದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ಕೆಂಪು ಒಂದೇ ಆಗಲೇ ತುಂಬಿ ತುಳುಕಿರುತ್ತದೆ. ಆಗ ಬಟ್ಟೆಯ ನೆರಿಗೆ, ನೇಯ್ಗೆ ಏನೂ ಉಳಿಯುವುದಿಲ್ಲ. ಸುಮ್ನೆ ಕೆಂಪು ಬಣ್ಣ ಬಳಿದ ಹಾಗೆ ಕಾಣುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ರಾ ಫೈಲಿನಲ್ಲೇ ಯಾವ ಚಾನೆಲ್ ಎಲ್ಲಿ ತುಂಬಿದೆ ಎಂದು ತೋರಿಸುವ ಒಂದು ಗುಂಡಿ ಇದೆ. ಅದನ್ನು ನೋಡುತ್ತಾ ನೋಡುತ್ತಾ ನಾನು ಫೋಟೊ ತೆಗೆಯುವ ರೀತಿಯೇ ಬದಲಾಯಿತು. ಈಗ ಬೇಕೆಂದೇ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟು ಬೆಳಕಿನಲ್ಲಿ ತೆಗೆಯುತ್ತೇನೆ. ಕೆಂಪು ಉಳಿಯುತ್ತದೆ. ಕತ್ತಲಾದ ಮುಖವನ್ನು ಮನೆಗೆ ಬಂದ ಮೇಲೆ ಎತ್ತಬಹುದು.

ಎತ್ತುವುದಕ್ಕೆ ಟೋನ್ ಈಕ್ವಲೈಜರ್ ಎಂಬ ಮಾಡ್ಯೂಲ್ (ಒಂದೊಂದು ಬಗೆಯ ತಿದ್ದುಪಡಿಗೆ ಇರುವ ಸಲಕರಣೆ) ಇದೆ. 2019ರ ಕೊನೆಗೆ 3.0 ಜೊತೆ ಬಂತು. ಫೋಟೊದ ಯಾವ ಭಾಗದ ಮೇಲೆ ಮೌಸ್ ಇಟ್ಟು ಚಕ್ರ ತಿರುಗಿಸಿದರೂ ಅಷ್ಟು ಬೆಳಕಿರುವ ಜಾಗಗಳು ಮಾತ್ರ ಏರುತ್ತವೆ, ಇಳಿಯುತ್ತವೆ. ಒಳಗಿನ ಸೂಕ್ಷ್ಮ ವಿವರಗಳು ಮಂಕಾಗುವುದಿಲ್ಲ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಸಭೆಯ ನಡುವಿನಿಂದ ದೊಂದಿ ಹಿಡಿದು ಬರುವ ಹೊತ್ತನ್ನು ನೆನಪಿಸಿಕೊಳ್ಳಿ. ರಾಳದ ಪುಡಿ ಬಿದ್ದು ಬೆಂಕಿ ಭಗ್ಗೆನ್ನುತ್ತದೆ. ಬೆಂಕಿ ಬೆಳ್ಳಗೆ, ಮುಖ ಕಪ್ಪಗೆ. ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಬೇಕು. ಮೊದಲು ಎಕ್ಸ್‌ಪೋಷರ್ ಮಾಡ್ಯೂಲ್‌ನಲ್ಲಿ ಮುಖಕ್ಕೆ ಬೇಕಾದಷ್ಟು ಬೆಳಕು ಕೊಡುತ್ತೇನೆ. ಬೆಂಕಿ ಆಗ ಪರದೆಯ ಮಿತಿ ಮೀರಿ ಹೋಗುತ್ತದೆ. ಹೆದರಬೇಕಿಲ್ಲ. ಡಾರ್ಕ್‌ಟೇಬಲ್ ಆ ಮಾಹಿತಿಯನ್ನು ಎಸೆಯುವುದಿಲ್ಲ, ಕೊನೆಯ ಹಂತದವರೆಗೂ ಇಟ್ಟುಕೊಂಡಿರುತ್ತದೆ. ಕೊನೆಗೆ ಫಿಲ್ಮಿಕ್ ಅಥವಾ ಸಿಗ್ಮಾಯ್ಡ್ ಮಾಡ್ಯೂಲ್ ಅದನ್ನೆಲ್ಲ ಪರದೆ ತೋರಿಸಬಲ್ಲಷ್ಟಕ್ಕೆ ಮೆಲ್ಲಗೆ ಇಳಿಸುತ್ತದೆ. ಫಿಲ್ಮಿಕ್ 2018ರಲ್ಲಿ ಬಂದಿದ್ದು. ಅದರ ಸ್ಲೈಡರ್‌ಗಳು ಜಾಸ್ತಿ, ತಲೆನೋವೂ ಜಾಸ್ತಿ. 2022ರ ಡಿಸೆಂಬರ್‌ನಲ್ಲಿ ಸಿಗ್ಮಾಯ್ಡ್ ಬಂದ ಮೇಲೆ ನಾನು ಫಿಲ್ಮಿಕ್ ಕಡೆ ತಿರುಗಿ ನೋಡುವುದು ಅಪರೂಪ.

ಬಣ್ಣದ ವಿಷಯದಲ್ಲಿ ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲ್ ನನ್ನ ಅಚ್ಚುಮೆಚ್ಚು. ಒಂದೇ ಫೋಟೊದಲ್ಲಿ ಎರಡು ಬೇರೆ ಬೆಳಕು ಇದ್ದರೆ ಈ ಮಾಡ್ಯೂಲನ್ನು ಎರಡು ಸಲ ಹಾಕಿ, ಒಂದೊಂದಕ್ಕೂ ಬೇರೆ ಮಾಸ್ಕ್ ಕೊಡಬಹುದು, ಅಂದರೆ ಫೋಟೊದ ಯಾವ ಭಾಗಕ್ಕೆ ಮಾತ್ರ ತಗಲಬೇಕು ಎಂದು ಗುರುತಿಸಬಹುದು. ಮುಖದ ಮೇಲಿನ ಹಳದಿಗೆ ಒಂದು, ಹಿಂದಿನ ನೀಲಿಗೆ ಇನ್ನೊಂದು. ಎಲ್ಇಡಿಯ ನೀಲಿ ಪೂರ್ತಿ ಹರಿದುಹೋಗಿ ಗಟ್ಟಿ ಕಲೆಯಾಗುವುದನ್ನೂ ಇದರಲ್ಲಿ ತಡೆಯಬಹುದು. ನೀಲಿಯನ್ನು ನಾನು ಪೂರ್ತಿ ತೆಗೆಯುವುದಿಲ್ಲ. ಆ ರಾತ್ರಿ ರಂಗಸ್ಥಳದಲ್ಲಿ ಆ ಬೆಳಕು ಇತ್ತು, ಜನ ಅದನ್ನೇ ನೋಡಿದರು. ಆದರೆ ವೇಷಧಾರಿ ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ) ಕೂತು ಹಾಕಿಕೊಂಡ ಹಸಿರು ಬಣ್ಣ ನನ್ನ ಫೋಟೊದಲ್ಲಿ ಬೂದಿಯ ಹಾಗೆ ಕಾಣಬಾರದು. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ನನ್ನ ಬಳಿ ಸೂತ್ರವಿಲ್ಲ, ತಂತ್ರಾಂಶವೂ ಹೇಳುವುದಿಲ್ಲ.

ಐಎಸ್ಒ ಏರಿಸಿದಾಗ ಬರುವ ಗ್ರೇನ್, ಅಂದರೆ ಮರಳಿನಂಥ ಚುಕ್ಕೆಗಳನ್ನು (ನಾಯ್ಸ್ ಎಂದೂ ಹೇಳುತ್ತಾರೆ) ತೆಗೆಯುವ ವಿಷಯವನ್ನೂ ಇಲ್ಲೇ ಹೇಳಬೇಕು. ಪ್ರೊಫೈಲ್ಡ್ ಡಿನಾಯ್ಸ್ ಮಾಡ್ಯೂಲ್ ಪ್ರತಿ ಕ್ಯಾಮೆರಾದ ಪ್ರತಿ ಐಎಸ್ಒಗೆ ಎಷ್ಟು ನಾಯ್ಸ್ ಬರುತ್ತದೆ ಎಂಬ ಅಳತೆ ಇಟ್ಟುಕೊಂಡು ಕೆಲಸ ಮಾಡುತ್ತದೆ. ಫಲಿತಾಂಶ ಒಳ್ಳೆಯದೇ. ಆದರೆ 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್‌ನಷ್ಟು ಸ್ವಚ್ಛ ಅಲ್ಲ, ಅದನ್ನು ಒಪ್ಪಬೇಕು. ನನಗೆ ಅಷ್ಟು ಸ್ವಚ್ಛ ಬೇಡ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಚುಟ್ಟಿ ಎಂಬ ಮುಳ್ಳುಗಳನ್ನು ಇಡುತ್ತಾರೆ. ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಮುಖ ನುಣ್ಣಗೆ ಮಾಡುವ ಸ್ಲೈಡರನ್ನು ಒಂದಿಷ್ಟು ಜಾಸ್ತಿ ಎಳೆದರೆ ಆ ಮುಳ್ಳುಗಳೆಲ್ಲ ಸವೆದು ಹೋಗುತ್ತವೆ. ಫೋಟೊ ತೋರಿಸಿದಾಗ ವೇಷದವರು ಮೊದಲು ಕೇಳುವುದೂ ಅದನ್ನೇ: 'ಚುಟ್ಟಿ ಸಮ ಕಾಣ್ತದಾ ಮಾರಾಯ್ರೇ?' ಹಾಗಾಗಿ ಮುಖದ ಮೇಲೆ ಸ್ವಲ್ಪ ಗ್ರೇನ್ ಇದ್ದರೂ ಇರಲಿ ಎಂದು ಬಿಡುತ್ತೇನೆ. ಹಿಂದಿನ ಕತ್ತಲಲ್ಲಿ ಮಾತ್ರ ಮಾಸ್ಕ್ ಹಾಕಿ ಜೋರಾಗಿ ತೆಗೆಯುತ್ತೇನೆ.

ಮಾಸ್ಕ್ ಅಂದೆನಲ್ಲ, ಇದರ ನಿಜವಾದ ತಾಕತ್ತು ಇರುವುದು ಅಲ್ಲಿ. ಹೆಚ್ಚುಕಡಿಮೆ ಎಲ್ಲ ಮಾಡ್ಯೂಲ್‌ಗೂ ಮಾಸ್ಕ್ ಹಾಕಬಹುದು. ಕೈಯಿಂದ ಬರೆಯಬಹುದು. ಇಲ್ಲವೇ 'ಇಷ್ಟು ಬೆಳಕಿರುವ, ಈ ಬಣ್ಣದ ಜಾಗ ಮಾತ್ರ' ಎಂದು ಸ್ಲೈಡರ್‌ನಲ್ಲೇ ಹೇಳಬಹುದು. ಎರಡನ್ನೂ ಕೂಡಿಸಲೂಬಹುದು. ಆಯ್ಕೆಯಾದ ಜಾಗ ಹಳದಿಯಾಗಿ ಕಾಣುತ್ತದೆ. ಇದು ಡಾರ್ಕ್‌ರೂಮ್ ಕಾಲದ ಕೆಲಸವೇ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಚಿತ್ರವನ್ನು ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟ್ ಹಾಕಿದರು. ನೆಗೆಟಿವ್ ಒಂದೇ. ಆದರೆ ನಂತರದ ಪ್ರಿಂಟ್‌ಗಳಲ್ಲಿ ಆಕಾಶ ಮೊದಲಿನದಕ್ಕಿಂತ ಎಷ್ಟೋ ಕಪ್ಪು. ನಮ್ಮ ಊರುಗಳ ಸ್ಟುಡಿಯೊಗಳಲ್ಲೂ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮೊಡವೆ ಕಲೆ ಮಾಯ ಮಾಡುವವರಿದ್ದರು. ಹಾಗಾಗಿ 'ಎಡಿಟಿಂಗ್ ಮಾಡಿದ್ದು ನಿಜವಾದ ಫೋಟೊ ಅಲ್ಲ' ಎನ್ನುವ ಮಾತು ನನಗೆ ಹಿಡಿಸುವುದಿಲ್ಲ.

ಹಾಗೆಂದು ಏನು ಬೇಕಾದರೂ ಮಾಡಬಹುದು ಎಂದೂ ಅಲ್ಲ. ಸಲೋನ್‌ಗಳಿಗೆ, ಅಂದರೆ ಛಾಯಾಚಿತ್ರ ಸ್ಪರ್ಧೆಗಳಿಗೆ, ಹಕ್ಕಿ, ಕಪ್ಪೆಗಳ ಫೋಟೊ ಕಳಿಸುವ ಗೆಳೆಯರು ನಮ್ಮಲ್ಲಿ ಬಹಳ ಮಂದಿ. ಎಫ್ಐಎಪಿ, ಪಿಎಸ್ಎ, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಸೇರಿ ಒಪ್ಪಿಕೊಂಡ ನೇಚರ್ ವಿಭಾಗದ ನಿಯಮ ಬಿಗಿ ಇದೆ. ಕ್ರಾಪ್ ಮಾಡಬಹುದು, ಬೆಳಕು ತಿದ್ದಬಹುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಒರೆಸಬಹುದು. ಅಡ್ಡ ಬಂದ ಕಡ್ಡಿಯನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಸುದ್ದಿಚಿತ್ರಗಳಲ್ಲಿ ಇನ್ನೂ ಬಿಗಿ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯ ಕೊನೆಯ ಸುತ್ತಿನ ಹಿಂದಿನ ಸುತ್ತಿಗೆ ಬಂದ ಫೋಟೊಗಳಲ್ಲಿ ಶೇ. 20ರಷ್ಟು ಮಿತಿಮೀರಿ ತಿದ್ದಿದ್ದಕ್ಕೇ ಹೊರಬಿದ್ದವು. ಅದೇ ವರ್ಷ ಸುದ್ದಿಸಂಸ್ಥೆ ರಾಯ್ಟರ್ಸ್ ತನ್ನ ಹೊರಗಿನ ಛಾಯಾಗ್ರಾಹಕರಿಗೆ ರಾ ಫೈಲಿನಿಂದ ತಯಾರಿಸಿದ ಜೆಪೆಗ್ ಕಳಿಸಬೇಡಿ, ಕ್ಯಾಮೆರಾದಲ್ಲೇ ತೆಗೆದ ಜೆಪೆಗ್ ಕಳಿಸಿ ಎಂದಿತು. ಡಾರ್ಕ್‌ಟೇಬಲ್‌ನಲ್ಲಿ ಮೂಲ ಫೈಲ್ ಮುಟ್ಟುವ ಪ್ರಶ್ನೆಯೇ ಇಲ್ಲ. ತಿದ್ದಿದ್ದೆಲ್ಲ ಪಕ್ಕದಲ್ಲಿ ಎಕ್ಸ್ಎಂಪಿ ಎಂಬ ಪುಟ್ಟ ಫೈಲಿನಲ್ಲಿ ದಾಖಲಾಗುತ್ತದೆ. ಯಾವ ಹೆಜ್ಜೆ ಇಟ್ಟಿದ್ದೇವೆ ಎಂದು ಹಿಸ್ಟರಿ ಪಟ್ಟಿಯಲ್ಲಿ ನೋಡಬಹುದು, ಹಿಂದಕ್ಕೂ ಹೋಗಬಹುದು.

ನನಗೆ ಹೆಚ್ಚು ಕಿರಿಕಿರಿ ಮಾಡುವುದು ಬೇರೆ ಸಂಗತಿ. 'ಮುಖ ಸ್ವಲ್ಪ ಬೆಳ್ಳಗೆ ಮಾಡಿ ಸಾರ್.' ನೆಂಟರ ಮದುವೆಯಲ್ಲಿ ಕ್ಯಾಮೆರಾ ಹಿಡಿದ ತಪ್ಪಿಗೆ ಈ ಮಾತು ಕೇಳದೆ ಇರಲು ಸಾಧ್ಯವಿಲ್ಲ. ಕಡ್ಡಿಯನ್ನು ಅಳಿಸಿದರೆ ಸ್ಪರ್ಧೆಯಿಂದ ಹೊರಹಾಕುತ್ತಾರೆ. ಮದುಮಗಳ ಮೈಬಣ್ಣ ಅಳಿಸಿದರೆ ಆಲ್ಬಮ್ ಚೆನ್ನಾಗಿದೆ ಎನ್ನುತ್ತಾರೆ. ನಾನು ಬೆಳಕು ಏರಿಸಿಕೊಡುತ್ತೇನೆ, ಬಣ್ಣ ಬದಲಿಸಿಕೊಡುವುದಿಲ್ಲ. ಇದಕ್ಕೆ ಮುನಿಸಿಕೊಂಡ ನೆಂಟರೂ ಇದ್ದಾರೆ.

ಇನ್ನು ಕೊರತೆಗಳು. ಕಲಿಯುವುದು ನಿಧಾನ, ಬಹಳ ನಿಧಾನ. ಒಂದೇ ಕೆಲಸಕ್ಕೆ ನಾಲ್ಕು ಮಾಡ್ಯೂಲ್ ಇರುತ್ತವೆ. ಅದರಲ್ಲಿ ಎರಡು ಹಳೆಯ ಕಾಲದವು. ಯಾವುದು ಬಳಸಬೇಕು ಎಂದು ಹೇಳುವವರಿಲ್ಲ. ಹಳೆಯ ಯೂಟ್ಯೂಬ್ ಪಾಠ ನೋಡಿದರೆ ಇನ್ನಷ್ಟು ಗೊಂದಲ, ಏಕೆಂದರೆ 3.0ರ ನಂತರ ಕೆಲಸದ ಕ್ರಮವೇ ಬದಲಾಗಿದೆ. ಎಕ್ಸ್‌ಪೋಷರ್, ಕಲರ್ ಕ್ಯಾಲಿಬ್ರೇಷನ್, ಟೋನ್ ಈಕ್ವಲೈಜರ್, ಸಿಗ್ಮಾಯ್ಡ್. ಮೊದಲ ಆರು ತಿಂಗಳು ಈ ನಾಲ್ಕನ್ನು ಬಿಟ್ಟು ಬೇರೇನೂ ಮುಟ್ಟಬೇಡಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ.

ವೇಗಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಓಪನ್‌ಸಿಎಲ್ (ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಮಾಡಿಸುವ ವ್ಯವಸ್ಥೆ) ಇಲ್ಲದ ಹಳೆ ಲ್ಯಾಪ್‌ಟಾಪ್‌ನಲ್ಲಿ 'ಡಿಫ್ಯೂಸ್ ಆರ್ ಶಾರ್ಪನ್' ಮಾಡ್ಯೂಲ್ ಆನ್ ಮಾಡಿದರೆ ಒಂದು ಚಹಾ ಕುಡಿದು ಬರಬಹುದು. ದುಡ್ಡಿಲ್ಲದ ತಂತ್ರಾಂಶ ಅಂತ ತಂದು, ಅದಕ್ಕೋಸ್ಕರ ಕಂಪ್ಯೂಟರ್ ಬದಲಿಸಿದವರನ್ನೂ ನೋಡಿದ್ದೇನೆ. ನಾನು ಬಳಸುವ ಆವೃತ್ತಿಯಲ್ಲಿ ಒಂದೇ ಕ್ಲಿಕ್ಕಿಗೆ ಆಕಾಶವನ್ನೋ ಮನುಷ್ಯನನ್ನೋ ಆಯ್ಕೆ ಮಾಡುವ ಎಐ ಮಾಸ್ಕ್ ಇಲ್ಲ. ಫೋನ್ ಆ್ಯಪ್ ಇಲ್ಲ. ಪನೋರಮಾ ಜೋಡಿಸಲು ಬರುವುದಿಲ್ಲ, ಅದಕ್ಕೆ ಹಗಿನ್ ಎಂಬ ಬೇರೆ ತಂತ್ರಾಂಶ ಬಳಸುತ್ತೇನೆ.

ಇನ್ನೊಂದು ಎಚ್ಚರ. ಹೊಸ ಆವೃತ್ತಿ ಒಮ್ಮೆ ಲೈಬ್ರರಿಯ ಡೇಟಾಬೇಸನ್ನು ಮೇಲ್ದರ್ಜೆಗೇರಿಸಿದರೆ ಹಳೆಯ ಆವೃತ್ತಿಯಲ್ಲಿ ಅದು ತೆರೆಯುವುದಿಲ್ಲ. ಆವೃತ್ತಿ ಬದಲಿಸುವ ಮೊದಲು ಡೇಟಾಬೇಸ್ ಮತ್ತು ಎಕ್ಸ್ಎಂಪಿ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಡಿ. ಹಾಗೆಯೇ ಇಲ್ಲಿ ಮಾಡಿದ ತಿದ್ದುಪಡಿ ಲೈಟ್‌ರೂಮ್‌ಗೆ ಹೋಗುವುದಿಲ್ಲ. ನಾಳೆ ಮನಸ್ಸು ಬದಲಾದರೆ ಫೋಟೊಗಳನ್ನು ಟಿಫ್ ಎಂಬ ಚಿತ್ರದ ಫೈಲುಗಳಾಗಿ ಮಾಡಿಕೊಂಡು ಹೋಗಬೇಕಷ್ಟೆ.

ಫೋಟೊ ಆರಿಸುವ ಕೆಲಸಕ್ಕೆ ಲೈಟ್‌ಟೇಬಲ್ ಭಾಗ ಸಾಕಷ್ಟು ಚುರುಕು. 1ರಿಂದ 5ರವರೆಗಿನ ಗುಂಡಿ ಒತ್ತಿ ನಕ್ಷತ್ರ ಕೊಡಬಹುದು, ಆರ್ ಒತ್ತಿದರೆ ತಿರಸ್ಕಾರ. ಟ್ಯಾಗ್‌ಗಳನ್ನು ಕನ್ನಡದಲ್ಲೇ ಬರೆಯಬಹುದು. ಯಕ್ಷಗಾನದ ಕೆಳಗೆ ತೆಂಕು, ಬಡಗು, ಅದರ ಕೆಳಗೆ ಪ್ರಸಂಗದ ಹೆಸರು ಎಂದು ಕವಲು ಮಾಡಿಟ್ಟಿದ್ದೇನೆ. ಯಾರಾದರೂ ವೇಷಧಾರಿ 'ಆ ವರ್ಷದ್ದೊಂದು ಫೋಟೊ ಉಂಟಾ?' ಎಂದು ಫೋನ್ ಮಾಡಿದರೆ ಅವರು ಮಾತು ಮುಗಿಸುವಷ್ಟರಲ್ಲಿ ಹುಡುಕಿ ಕೊಡುತ್ತೇನೆ.

ಮನೆಯ ಹುಟ್ಟುಹಬ್ಬ, ದೇವಸ್ಥಾನದ ಊಟದ ಫೋಟೊಗಳಿಗೆಲ್ಲ ಇದನ್ನು ತೆರೆಯುವುದಿಲ್ಲ. ಅದಕ್ಕೆ ಫೋನಿನಲ್ಲಿರುವ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು.