ಹೊಸ ಜಾಯ್‌ಸ್ಟಿಕ್ ಎಂದು ಕ್ರೇನ್ ರಿಮೋಟಿನ ಗುಜರಿ ಕೊಟ್ಟರು

2,400 ರೂಪಾಯಿ ಮೊದಲೇ ಕಟ್ಟಿ ಒಂದು ಜಾಯ್‌ಸ್ಟಿಕ್ ತರಿಸಿದೆ. ಹೊಚ್ಚ ಹೊಸದು, ಲೋಹದ ಮೈ, ಎರಡೂ ಅಕ್ಷಕ್ಕೆ 10 ಕಿಲೋಓಮ್ ಲೀನಿಯರ್ ಪಾಟ್ (ತಿರುಗಿಸಿದಂತೆ ರೋಧ ಬದಲಾಗುವ ಬಿಡಿಭಾಗ) ಎಂದು ಮಾರಿದವರ ಮಾತು. ಬಂದದ್ದು ಯಾವುದೋ ಕಾರ್ಖಾನೆಯ ಕ್ರೇನ್ ರಿಮೋಟಿನಿಂದ ಕಿತ್ತ ಮಾಲು. ಅದು ಗೊತ್ತಾಗಲು ನನಗೆ ಹದಿನೇಳು ದಿನ ಹಿಡಿಯಿತು. ಹದಿನೇಳು ದಿನ!

ನನ್ನ ಯೂರೋರ‍್ಯಾಕ್ ಸಿಂಥಸೈಜರಿಗೆ (ಬಿಡಿ ಘಟಕಗಳನ್ನು ಜೋಡಿಸಿ ಕಟ್ಟುವ ವಿದ್ಯುನ್ಮಾನ ವಾದ್ಯ) ಕೈಯಾರೆ ಒಂದು ಜಾಯ್‌ಸ್ಟಿಕ್ ನಿಯಂತ್ರಕ ಮಾಡಿಕೊಳ್ಳುವ ಆಸೆ. ಅಡ್ಡ ಆಡಿಸಿದರೆ ಸ್ವರ ಹುಟ್ಟಿಸುವ ಆಸಿಲೇಟರಿನ ಶ್ರುತಿ, ಮೇಲೆ ಕೆಳಗೆ ಆಡಿಸಿದರೆ ನಾದದ ಬಣ್ಣ ಬದಲಿಸುವ ಫಿಲ್ಟರ್. ಕೀಲಿಮಣೆಯಲ್ಲಿ ಬಾರದ ಗಮಕ ಇದರಲ್ಲಿ ಬಂದೀತು ಎಂಬ ಹುಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರ್ಡುಯಿನೋ ಸಾಮಾನಿನ ಜೊತೆ ಸಿಗುವ ಹೆಬ್ಬೆರಳಿನ ಜಾಯ್‌ಸ್ಟಿಕ್ ಇದಕ್ಕೆ ಸಾಲದು. ಮುಟ್ಟುವಷ್ಟರಲ್ಲಿ ಅಂಚಿಗೆ ಹೋಗಿರುತ್ತದೆ. ಅದಕ್ಕೇ ದೊಡ್ಡದನ್ನು ಹುಡುಕಿದ್ದು.

ಪಾರ್ಸೆಲ್ ಬಿಚ್ಚಿದಾಗ ಪಾಟ್‌ಗಳ ಕಾಲುಗಳ ಮೇಲೆ ಸಾಲ್ಡರ್ ಮಿನುಗುತ್ತಿತ್ತು. ನಾನೆಂಥ ಮೂರ್ಖನೆಂದರೆ, "ಬೆಸುಗೆಗೆ ಅನುಕೂಲವಾಗಲೆಂದು ಮೊದಲೇ ಸಾಲ್ಡರ್ ಹಚ್ಚಿ ಕಳಿಸಿದ್ದಾರೆ, ಎಷ್ಟು ಕಾಳಜಿ!" ಎಂದು ಅವರ ಜಾಲತಾಣದಲ್ಲೇ ಬರೆದು ಐದು ನಕ್ಷತ್ರ ಕೊಟ್ಟೆ. ಹೊಸ ಪಾಟಿನ ಕಾಲಿಗೆ ಹಳೆಯ ಸಾಲ್ಡರ್ ಎಲ್ಲಿಂದ ಬರಬೇಕು? ಆಗ ಹೊಳೆಯಲಿಲ್ಲ.

ಪಾಟಿನ ಎರಡು ತುದಿಗೆ +5 ಮತ್ತು -5 ವೋಲ್ಟ್ ಕೊಟ್ಟೆ. ಪಾಟ್ ಪೂರ್ತಿ 300 ಡಿಗ್ರಿ ತಿರುಗುವಂಥದ್ದು, ಆದರೆ ಕೋಲು ಅದನ್ನು ತಿರುಗಿಸುವುದು 60 ಡಿಗ್ರಿ ಮಾತ್ರ. ಹಾಗಾಗಿ ಸಿಗುವುದು ಒಂದು ವೋಲ್ಟ್ ಆಚೆ, ಒಂದು ವೋಲ್ಟ್ ಈಚೆ. ಅದನ್ನು ಟಿಎಲ್072 ಎಂಬ ವರ್ಧಕ ಐಸಿ ಹಾಕಿ ಐದು ಪಟ್ಟು ಹಿಗ್ಗಿಸಬೇಕು. ಹಿಗ್ಗುವುದು ಸಂಕೇತ ಒಂದೇ ಅಲ್ಲವಲ್ಲ, ಅದರೊಳಗಿನ ಕಸವೂ ಹಿಗ್ಗುತ್ತದೆ. ಶ್ರುತಿಯನ್ನು ಏರಿಳಿಸುವುದು ಈ ವೋಲ್ಟೇಜೇ; ಆಕ್ಟೇವಿಗೆ (ಒಂದು ಸ್ಥಾಯಿಗೆ) ಒಂದು ವೋಲ್ಟ್ ಲೆಕ್ಕದಲ್ಲಿ ಅರ್ಧ ಸ್ವರವೆಂದರೆ 83 ಮಿಲಿವೋಲ್ಟ್. ಪಾಟಿನಲ್ಲಿ 20 ಮಿಲಿವೋಲ್ಟ್ ಅದುರಿದರೆ ಹೊರಗೆ ನೂರು. ಶ್ರುತಿ ಅರ್ಧ ಸ್ವರಕ್ಕಿಂತ ಹೆಚ್ಚು ಜಿಗಿಯುತ್ತದೆ. ಕೋಲನ್ನು ನಡುವಿನಿಂದ ತುಸು ಸರಿಸಿದರೆ ಸಾಕು, ಚಟಪಟ, ಚಟಪಟ. ಗಮಕವಂತೆ ಗಮಕ! "ಒಗ್ಗರಣೆ ಇಟ್ಟದ್ದು ನಾನಲ್ಲವಲ್ಲ, ಸಾಸಿವೆ ಎಲ್ಲಿ ಸಿಡಿಯುತ್ತಿದೆ?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದರು.

ನಾನು ಬೈದುಕೊಂಡದ್ದು ನನ್ನ ಬೆಸುಗೆಯನ್ನು. ಐಸಿ ಬದಲಿಸಿದೆ. ಕೆಪಾಸಿಟರ್ ಬದಲಿಸಿದೆ. ಆ ಗಡಿಬಿಡಿಯಲ್ಲಿ ವಿದ್ಯುತ್ ರಿಬ್ಬನ್ ತಿರುಗುಮುರುಗಾಗಿ ಚುಚ್ಚಿ ಒಂದು ಐಸಿ ಸುಟ್ಟೆ (ರಿಬ್ಬನ್ನಿನ ಕೆಂಪು ಗೆರೆ -12 ವೋಲ್ಟಿನ ಕಡೆಗೆ ಎಂದು ಗೊತ್ತಿದ್ದೂ, ಇದು ನನ್ನದೇ ತಪ್ಪು, ಒಪ್ಪಿಕೊಂಡೆ). ಹದಿನೇಳನೆಯ ದಿನ ರೇಗಿ ಪಾಟಿನ ತಗಡನ್ನೇ ಎಬ್ಬಿಸಿ ನೋಡಿದೆ. ಕಾರ್ಬನ್ ಪಟ್ಟಿಯ ನಡುಭಾಗ ಸವೆದು ಅಲ್ಲಿ ಹೊಳೆಯುವ ಗೀರು. ಕೆಳಗಿನ "ಹೊಸದು" ಚೀಟಿ ಕೆರೆದೆ. ಅದರಡಿ ಮಾರ್ಕರಿನಲ್ಲಿ ಬರೆದಿತ್ತು: ಕ್ರೇನ್ 2.

ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಕ್ರೇನ್ 2.

ಚಿತ್ರ ಕಳಿಸಿದೆ. ಮೊದಲ ಉತ್ತರ: "ಸರ್, ನಿಮ್ಮ ಸರ್ಕ್ಯೂಟ್ ಪರೀಕ್ಷಿಸಿಕೊಳ್ಳಿ." ಸರ್ಕ್ಯೂಟಿಗೂ ಮಾರ್ಕರ್ ಬರಹಕ್ಕೂ ಏನು ಸಂಬಂಧ ಎಂದೆ. "ಅದು ಗೋದಾಮಿನ ಗುರುತು ಸರ್." ಸವೆದ ಪಟ್ಟಿ? "ನೀವೇ ಬಿಚ್ಚಿದ್ದೀರಿ, ಬಿಚ್ಚಿದ ಮಾಲು ಹಿಂದಕ್ಕಿಲ್ಲ." ಬಿಚ್ಚದೆ ಸವೆದದ್ದು ಕಾಣುವುದು ಹೇಗೆ ಸ್ವಾಮಿ? ಅದಕ್ಕೆ ಉತ್ತರವಿಲ್ಲ. ಮರುದಿನ ಬೆಳಿಗ್ಗೆ ಒಂದು ಸ್ಕ್ರೀನ್‌ಶಾಟ್ ಬಂತು. ನಾನೇ ಬರೆದ ಮೆಚ್ಚುಗೆ, ಐದು ನಕ್ಷತ್ರ, "ಎಷ್ಟು ಕಾಳಜಿ!" ಕೆಳಗೆ ಒಂದು ಸಾಲು: "ಇದು ನೀವೇ ಬರೆದದ್ದಲ್ಲವೇ ಸರ್?" ಅದರ ಹಿಂದೆಯೇ, ಇನ್ನೊಂದು ಕೊಂಡರೆ ಶೇಕಡಾ 10 ರಿಯಾಯಿತಿ ಎಂಬ ಕೃಪೆ ಬೇರೆ.

ಕೊಳ್ಳುವವರು ದಯವಿಟ್ಟು ಬೆಸುಗೆಗೆ ಮೊದಲು ಮುಳ್ಳಿನ ಮಲ್ಟಿಮೀಟರಿನ ಒಂದು ತಂತಿಯನ್ನು ಪಾಟಿನ ನಡುಕಾಲಿಗೆ, ಇನ್ನೊಂದನ್ನು ಪಕ್ಕದ ಕಾಲಿಗೆ ಹಿಡಿದು ಕೋಲನ್ನು ಮೆಲ್ಲಗೆ ಆಡಿಸಿ. ನಡುವಿನಲ್ಲಿ ಚೆನ್ನಾಗಿ ಗಮನಿಸಿ. ಎತ್ತ ಹೊರಟರೂ ಕೋಲು ಅಲ್ಲಿಂದಲೇ ಹಾದುಹೋಗುವುದರಿಂದ ಮೊದಲು ಸವೆಯುವುದು ಅದೇ. ಮುಳ್ಳು ಜಿಗಿದರೆ ಅಂದೇ ಹಿಂದಿರುಗಿಸಿ. ಎರಡು ನಿಮಿಷದ ಕೆಲಸ, ನಾನು ಮಾಡಲಿಲ್ಲ. ಕಾಲಿನ ಮೇಲೆ ಸಾಲ್ಡರ್ ಹೊಳೆಯುತ್ತಿದ್ದರೆ ಕಾಳಜಿ ಎಂದುಕೊಳ್ಳಬೇಡಿ.

ನಕ್ಷತ್ರ ತೆಗೆಯಲು ಹೋದೆ. ಹದಿನೈದು ದಿನ ದಾಟಿದ ಮೇಲೆ ತಿದ್ದಲು ಬರುವುದಿಲ್ಲವಂತೆ. ಆ ಐದು ನಕ್ಷತ್ರ ಇಂದಿಗೂ ನನ್ನ ಹೆಸರಿನಲ್ಲೇ ಅಲ್ಲಿವೆ. ಅವನ್ನು ನೋಡಿ ಯಾರಾದರೂ ಆಗಲೇ ದುಡ್ಡು ಕಟ್ಟಿದ್ದರೆ, ಕ್ಷಮಿಸಿ.